ಹಳೇ ಕಾರ್ಖಾನೆ ಜಾಗ ಕೊಳ್ಳುವವರೇ, ‘ಮಣ್ಣು ಪರೀಕ್ಷೆ ಆಗಿದೆ’ ಎಂದರೆ ನಂಬಿ ಕೂರಬೇಡಿ

ನಾವು ಆರು ಜನ ಸೇರಿ, ಬಾಗಿಲು ಹಾಕಿ ಬಹಳ ವರ್ಷವಾಗಿದ್ದ ಒಂದು ಪ್ಲೇಟಿಂಗ್ ಕಾರ್ಖಾನೆಯ ಜಾಗ ಕೊಂಡೆವು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆದು ಕ್ರೋಮ್ ಲೇಪ ಹಾಕುತ್ತಿದ್ದ ಕಾರ್ಖಾನೆ ಅದು. ಸುತ್ತಲಿನ ಬಡಾವಣೆ ಸೊರಗಿಹೋಗಿತ್ತು. ಕೆಲಸ ಹೋದ ಮೇಲೆ ಬಾಡಿಗೆಮನೆಗಳು ಖಾಲಿಯಾದವು, ಆಮೇಲೆ ಅಂಗಡಿಗಳೂ ಮುಚ್ಚಿದವು. ಕೆಳಗೆ ಮಕ್ಕಳ ಡೇ ಕೇರ್, ಮೇಲೆ ಎಂಟು ಮನೆ ಕಟ್ಟಿದರೆ ಆ ಬೀದಿಗೆ ಮತ್ತೆ ಜನ ಬರುತ್ತಾರೆ ಎಂದು ಮನಸಾರೆ ನಂಬಿದ್ದೆವು. ಆಸೆ ತಪ್ಪಾಗಿರಲಿಲ್ಲ, ಆದರೆ ನೋಡಬೇಕಾದ್ದನ್ನು ನೋಡದೆ ಕೈಹಾಕಿದೆವು.

ಮಾರುವವರು ಕೊಟ್ಟ ಕಾಗದಗಳಲ್ಲಿ ‘ಮಣ್ಣು ಪರೀಕ್ಷೆ ವರದಿ’ ಎಂಬ ದಪ್ಪನೆಯ ಪುಸ್ತಕವೊಂದಿತ್ತು. ಆರು ಜನರೂ ತಿರುವಿ ನೋಡಿ ನೆಮ್ಮದಿಯಾದೆವು. ಆ ವರದಿ ಹೇಳುತ್ತಿದ್ದದ್ದು ನೆಲ ಎಷ್ಟು ಭಾರ ತಡೆಯುತ್ತದೆ, ಪಾಯ ಎಷ್ಟು ಆಳ ಹೋಗಬೇಕು ಎಂಬುದನ್ನು ಮಾತ್ರ. ಮಣ್ಣಿನಲ್ಲಿ ವಿಷ ಇದೆಯೇ ಎಂದು ಅದರಲ್ಲಿ ಯಾರೂ ನೋಡಿರಲಿಲ್ಲ. ಕಟ್ಟಡದವರ ಮಣ್ಣು ಪರೀಕ್ಷೆಯೇ ಬೇರೆ, ಮಾಲಿನ್ಯದ ಪರೀಕ್ಷೆಯೇ ಬೇರೆ. ಹೆಸರು ಒಂದೇ ಆಗಿದ್ದರಿಂದ ನಾವು ಮೊದಲು ಮೋಸಹೋದದ್ದೇ ಇಲ್ಲಿ.

ಮುಂಗಡ ಕೊಟ್ಟ ಮೇಲೆ ಯಾರೋ ಎಚ್ಚರಿಸಿದರು. ರಾಸಾಯನಿಕ ಪರೀಕ್ಷೆಗೂ ಒಬ್ಬರನ್ನು ಹಿಡಿದೆವು, ಅದೂ ಎಲ್ಲರಿಗಿಂತ ಕಡಿಮೆ ದರ ಹೇಳಿದವರನ್ನು. ಅವರು ಅಂಗಳದ ಹತ್ತು ಕಡೆ ಸಲಿಕೆಯಿಂದ ಮೇಲಿನ ಒಂದಡಿ ಮಣ್ಣು ತೆಗೆದು, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಲಸಿ ಲ್ಯಾಬಿಗೆ ಕೊಟ್ಟರು. ಇದರಲ್ಲಿ ಎಷ್ಟು ತಪ್ಪಿದೆ ಎಂದು ಈಗ ನನಗೆ ಗೊತ್ತು. ಒಂಬತ್ತು ಕಡೆಯ ಮಣ್ಣು ಶುದ್ಧವಾಗಿದ್ದು ಹತ್ತನೆಯದರಲ್ಲಿ ಕಿಲೋಗೆ 500 ಮಿಲಿಗ್ರಾಂ ವಿಷ ಇದ್ದರೆ, ಕಲಸಿದ ಮೇಲೆ ಕಾಣುವುದು 50 ಮಾತ್ರ. ಜಿಡ್ಡು ತೆಗೆಯುವ ದ್ರಾವಕಗಳು ಗಾಳಿಗೆ ಹಾರಿಹೋಗುವಂಥವು, ಅವಕ್ಕೆ ಬಿಗಿ ಮುಚ್ಚಳದ ಗಾಜಿನ ಬಾಟಲಿ ಬೇಕು, ತಣ್ಣಗಿಟ್ಟು ಸಾಗಿಸಬೇಕು. ಚೀಲದಲ್ಲಿ ಬಿಸಿಲಲ್ಲಿ ಹೋದ ಮಣ್ಣಿನಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ ಅದಕ್ಕೆ ಅರ್ಥವೇ ಇಲ್ಲ. ಕ್ರೋಮಿಯಂ ಕಾಲಂನಲ್ಲಿದ್ದದ್ದು ಒಟ್ಟು ಮೊತ್ತ. ಕ್ಯಾನ್ಸರ್ ತರುವಂಥದ್ದು ಅದರ ಹೆಕ್ಸಾವೇಲೆಂಟ್ ರೂಪ. ಅದನ್ನು ಬೇರೆಯಾಗಿಯೇ ಅಳೆಯಬೇಕು ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನೋಂದಣಿ ಆಯಿತು. ಪಾಯ ಅಗೆಯಲು ಜೆಸಿಬಿ ಬಂತು. ಹತ್ತಡಿ ಇಳಿಯುವಷ್ಟರಲ್ಲಿ ಗುಂಡಿಯ ಹಿಂದಿನ ಮೂಲೆಯಲ್ಲಿ ಹಳದಿ ನೀರು ಒಸರತೊಡಗಿತು. ಪಕ್ಕದ ಹಳೇ ಗೋಡೆಯ ಬುಡದಲ್ಲೂ ಹಳದಿ ಪುಡಿ ಉಪ್ಪಿನಂತೆ ಕಟ್ಟಿಕೊಂಡಿತ್ತು, ಅದನ್ನು ಬಣ್ಣ ಎಂದುಕೊಂಡಿದ್ದೆವು. ಸಿಹಿಸಿಹಿಯಾದ, ತಲೆ ಹಿಡಿಯುವ ವಾಸನೆ. ಕೆಳಗಿದ್ದ ಇಬ್ಬರು ಕೆಲಸಗಾರರಿಗೆ ತಲೆ ಸುತ್ತಿ ವಾಂತಿಯಾಯಿತು. ಅವರನ್ನು ಮೇಲೆತ್ತಿ ಆಸ್ಪತ್ರೆಗೆ ಕರೆದೊಯ್ದೆವು, ಚೇತರಿಸಿಕೊಂಡರು. ಆ ಮಧ್ಯಾಹ್ನ ನೆನೆದರೆ ಇಂದಿಗೂ ಎದೆ ಹೊಡೆದುಕೊಳ್ಳುತ್ತದೆ.

ಮಾರನೆಯ ದಿನ ಎದುರು ಮನೆಯ ಯಜಮಾನರು ಬಂದು ಗುಂಡಿಯ ಅಂಚಿನಲ್ಲಿ ನಿಂತರು. “ಮೂವತ್ತು ವರ್ಷ ಇಲ್ಲೇ ದುಡಿದಿದ್ದೀನಪ್ಪ. ಕ್ರೋಮ್ ತೊಟ್ಟಿ ಇದ್ದಿದ್ದೇ ಆ ಮೂಲೇಲಿ. ಡ್ರಮ್ಮಿನ ತಳದಲ್ಲಿ ಉಳಿದ ಜಿಡ್ಡಿನ ನೀರನ್ನ ಹಿಂದಿನ ಇಂಗುಗುಂಡಿಗೆ ಸುರೀತಿದ್ವಿ. ಕೇಳಿದ್ರೆ ಹೇಳ್ತಿದ್ದೆ.”

ಎಂಟು ತಿಂಗಳು ಅವರ ಮನೆ ಮುಂದೆಯೇ ಓಡಾಡಿದ್ದೆವು, ಒಂದು ಸಲವೂ ಕೇಳಿರಲಿಲ್ಲ.

ಆಮೇಲೆ ಬಂದ ತಜ್ಞರು ಗುದ್ದಲಿಯನ್ನೇ ಮುಟ್ಟದೆ ಮೊದಲು ಕಾಗದ ಹುಡುಕಿದರು: ಹಳೇ ನಕ್ಷೆ, ವೈಮಾನಿಕ ಚಿತ್ರ, ಪರವಾನಗಿ, ಅಗ್ನಿ ಅವಘಡದ ದಾಖಲೆ. ಯಜಮಾನರ ಜೊತೆ ಅರ್ಧ ದಿನ ನಡೆದು ಎಲ್ಲೆಲ್ಲಿ ತೊಟ್ಟಿ, ಎಲ್ಲೆಲ್ಲಿ ಚರಂಡಿ ಎಂದು ಗುರುತು ಹಾಕಿದರು. ಅನುಮಾನ ಬಂದ ಕಡೆಗಳಲ್ಲೇ ಆಳಕ್ಕೆ ಕೊರೆದು ಮಣ್ಣನ್ನೂ ಅಂತರ್ಜಲವನ್ನೂ ತೆಗೆದದ್ದು ಎರಡನೆಯ ಹಂತದಲ್ಲಿ. ಹಳದಿ ಬಣ್ಣ ಹೆಕ್ಸಾವೇಲೆಂಟ್ ಕ್ರೋಮಿಯಂನದು, ಜಿಡ್ಡು ತೆಗೆಯುವ ದ್ರಾವಕ ಟ್ರೈಕ್ಲೋರೋಎಥಿಲೀನ್ ಎಂದು ಗೊತ್ತಾಯಿತು. ಈ ದ್ರಾವಕ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಮಣ್ಣಿನ ಸಂದಿಗಳಲ್ಲಿ ಇಳಿಯುತ್ತಾ ಹೋಗಿ ಜೇಡಿ ಪದರದ ಮೇಲೆ ನಿಂತುಬಿಡುತ್ತದೆ. ಮೇಲಿನ ಒಂದಡಿಯಲ್ಲಿ ಹುಡುಕಿದರೆ ಹೇಗೆ ಸಿಕ್ಕೀತು? ಆದರೆ ಅದರ ಆವಿ ಮೇಲೇರುತ್ತದೆ. ನೆಲದ ಬಿರುಕು, ಪೈಪಿನ ಸಂದಿಯಿಂದ ಮನೆಯೊಳಗೆ ಸೇರುತ್ತದೆ, ಹೀಗೆ ವರ್ಷಗಟ್ಟಲೆ ಸೇರುತ್ತಲೇ ಇರಬಹುದು. ನಾವು ಡೇ ಕೇರಿನ ಮಲಗುವ ಕೋಣೆ ಗುರುತಿಸಿದ್ದು ಆ ಮೂಲೆಯ ಮೇಲೆಯೇ.

ಇನ್ನೊಂದು ತಪ್ಪು, ಗುಂಡಿಯ ನೀರನ್ನು ಮೂರು ದಿನ ಮೋಟರ್ ಹಚ್ಚಿ ಹೊರಗೆ ಹಾಕಿದ್ದು. ಒಂದು ಕಡೆ ನೀರು ಎತ್ತಿದರೆ ಸುತ್ತಲಿನ ಕೆಟ್ಟ ನೀರು ಅಲ್ಲಿಗೇ ಹರಿದುಬರುತ್ತದೆ. ಎತ್ತಿದ್ದೂ ಮಳೆನೀರಿನ ಚರಂಡಿಗೆ ಹೋಯಿತು.

ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ವಿಷಯ ಓದಿದ್ದು ಇಷ್ಟೆಲ್ಲ ಆದ ಮೇಲೆ. ಕಂಪನಿಯೊಂದು ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿದ್ದ ಜಾಗವನ್ನು 1953ರಲ್ಲಿ ಒಂದು ಡಾಲರ್‌ಗೆ ಶಾಲಾ ಮಂಡಳಿಗೆ ಬರೆದುಕೊಟ್ಟಿತು. ತ್ಯಾಜ್ಯ ಹೂತಿರುವುದನ್ನೂ ಮುಂದೆ ತಾನು ಹೊಣೆಯಲ್ಲ ಎಂಬುದನ್ನೂ ಕ್ರಯಪತ್ರದಲ್ಲೇ ಬರೆದಿತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳಾದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಅದನ್ನು ಓದಿ ನಮ್ಮ ಕ್ರಯಪತ್ರ ತೆಗೆದು ನೋಡಿದೆ. ‘ಇರುವ ಸ್ಥಿತಿಯಲ್ಲೇ ಒಪ್ಪಿ ಪಡೆದಿರುತ್ತೇವೆ’ ಎಂಬ ಸಾಲಿನ ಕೆಳಗೆ ನಮ್ಮ ಆರೂ ಜನರ ಸಹಿ ಇತ್ತು. ಆ ಒಂದು ಸಾಲಿನಿಂದ ಸ್ವಚ್ಛ ಮಾಡುವ ಹೊರೆಯೆಲ್ಲ ನಮ್ಮ ತಲೆಗೆ ಬಂತು ಎಂದು ವಕೀಲರು ಹೇಳಿದರು. ನಿಮ್ಮ ಕರಾರಿನಲ್ಲಿ ಅಂಥ ಸಾಲು ಕಂಡರೆ ಪರೀಕ್ಷೆ ಮುಗಿಯುವವರೆಗೆ ಸಹಿ ಹಾಕಬೇಡಿ. ಪರೀಕ್ಷೆಗೆ ಎರಡು ಮೂರು ತಿಂಗಳು ಕೇಳಿ. ಕೊಡಲು ಒಪ್ಪದವರ ಜಾಗ ನಿಮಗೆ ಬೇಡ.

ಇಂಥ ಜಾಗ ಉದ್ಧಾರವೇ ಆಗದು ಎಂದೇನಿಲ್ಲ. ಮಣ್ಣಿನೊಳಗಿನ ಆವಿಯನ್ನು ಹೀರಿ ತೆಗೆಯಬಹುದು, ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಫೆರಸ್ ಸಲ್ಫೇಟ್ ಬೆರೆಸಿ ಕಡಿಮೆ ಅಪಾಯದ ರೂಪಕ್ಕೆ ತರಬಹುದು, ನೆಲದಡಿ ಪೈಪು ಹಾಕಿ ಫ್ಯಾನಿನಿಂದ ಆವಿಯನ್ನು ಮಾಡಿನ ಮೇಲಕ್ಕೆ ಬಿಡಬಹುದು. ಆ ಖರ್ಚು ಮೊದಲೇ ಗೊತ್ತಿದ್ದರೆ ಜಾಗದ ಬೆಲೆಯಲ್ಲಿ ಕಳೆಯುತ್ತಿದ್ದೆವು. ಈಗ ಕಟ್ಟಡಕ್ಕೆಂದು ಇಟ್ಟಿದ್ದ ಹಣವೆಲ್ಲ ಅದಕ್ಕೇ ಹೋಗುತ್ತಿದೆ. ಡೇ ಕೇರ್ ಕೈಬಿಟ್ಟಿದ್ದೇವೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಹಳದಿ ನೀರು ಕಾಣುವ ಮುನ್ನವೇ ಅಗೆದ ಮಣ್ಣು 31 ಟಿಪ್ಪರ್ ಹೊರಗೆ ಹೋಗಿತ್ತು. ತಗ್ಗು ತುಂಬಿಸಲು ಮಣ್ಣು ಬೇಕು ಎಂದು ಎರಡು ಬೀದಿ ಆಚೆಯವರು ಕೇಳಿದ್ದರು, ಸಂತೋಷದಿಂದ ಕೊಟ್ಟಿದ್ದೆವು. ಅಲ್ಲಿ ಮಕ್ಕಳು ಆಡುತ್ತಿದ್ದರು. ವಿಷಯ ತಿಳಿದ ದಿನವೇ ಹೋಗಿ ಮನೆಮನೆಗೆ ಹೇಳಿದೆವು. ಬೈದರು, ಬೈಯಬೇಕಾದದ್ದೇ. ಟಾರ್ಪಾಲು ಹೊದಿಸಿ ಬೇಲಿ ಹಾಕಿದ್ದೇವೆ, ಹನ್ನೆರಡು ಕಡೆ ಬೇರೆಬೇರೆಯಾಗಿ ಸ್ಯಾಂಪಲ್ ತೆಗೆಸಿದ್ದೇವೆ. ಫಲಿತಾಂಶ ಇನ್ನೂ ಬಂದಿಲ್ಲ.