ಬಿಸಿಯಾಗಿರುವುದು ಎಂಜಿನ್ನೋ, ಕೆಟ್ಟಿರುವುದು ಸೆನ್ಸರೋ? ಬೈಕಿಗೆ ಇಎಲ್‌ಎಂ327 ಸ್ಕ್ಯಾನರ್

ಮೀಟರಿನಲ್ಲಿ ಹಳದಿ ಎಂಜಿನ್ ದೀಪವೋ ಕೆಂಪು ಟೆಂಪರೇಚರ್ ದೀಪವೋ ಹೊತ್ತಿಕೊಂಡಾಗ ಮೊದಲು ತಿಳಿಯಬೇಕಾದದ್ದು ಒಂದೇ: ಎಂಜಿನ್ ನಿಜಕ್ಕೂ ಕಾದಿದೆಯೇ, ಅಥವಾ ಸೆನ್ಸರ್ ತಪ್ಪು ಹೇಳುತ್ತಿದೆಯೇ? ಇದು ಗೊತ್ತಿಲ್ಲದೆ ವಾಟರ್ ಪಂಪ್, ಫ್ಯಾನ್, ಸೆನ್ಸರ್ ಎಂದು ಒಂದೊಂದಾಗಿ ಬದಲಿಸಿ ದುಡ್ಡು ಕಳೆದುಕೊಳ್ಳುವವರೇ ಹೆಚ್ಚು. ಕಾರಿಗೆಂದು ಮಾರುವ ಇಎಲ್‌ಎಂ327 ಬ್ಲೂಟೂತ್ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಲ್ಲಿರುವ ಮಾಹಿತಿ ಓದಿ ಫೋನಿಗೆ ಕಳಿಸುವ ಸಾಧನ) ಮತ್ತು ಒಂದು 6 ಪಿನ್ ಅಡಾಪ್ಟರ್ ಕೇಬಲ್ ಇದ್ದರೆ ಲಿಕ್ವಿಡ್ ಕೂಲ್ಡ್ (ಕೂಲಂಟ್ ಎಂಬ ದ್ರವ ಹರಿಸಿ ಎಂಜಿನ್ ತಣಿಸುವ) ಬೈಕಿನಲ್ಲಿ ಈ ಪ್ರಶ್ನೆಯನ್ನು ಮನೆಯಲ್ಲೇ ಬಗೆಹರಿಸಬಹುದು. ಆ ಒಂದು ಕೆಲಸಕ್ಕೇ ಕೊಟ್ಟ ಹಣ ಸಾರ್ಥಕ.

ಕೊಳ್ಳುವ ಮೊದಲು ಸೀಟು ತೆಗೆದು ನೋಡಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ) ಬೈಕುಗಳಲ್ಲಿ ಸಾಮಾನ್ಯವಾಗಿ ಮುಚ್ಚಳ ಹಾಕಿದ 6 ಪಿನ್ನಿನ ಕೆಂಪು ಕಪ್ಲರ್ (ವೈರ್ ಜೋಡಿಸುವ ಸಾಕೆಟ್) ಇರುತ್ತದೆ. ಅದಿದ್ದರೂ ಎಲ್ಲ ಬೈಕೂ ಮಾತಾಡುತ್ತದೆಂಬ ಭರವಸೆಯಿಲ್ಲ. 2023ರ ಎರಡನೇ ಹಂತದ ಒಬಿಡಿ (ಗಾಡಿ ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ) ನಿಯಮಕ್ಕಿಂತ ಮೊದಲಿನ ಕೆಲವು ಮಾಡೆಲ್‌ಗಳ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಂಪನಿಯ ಸ್ವಂತ ಟೂಲಿಗೆ ಮಾತ್ರ ಉತ್ತರಿಸುತ್ತದೆ. ಹಾಗಾಗಿ ವಾಪಸ್ ಮಾಡಲು ಅವಕಾಶ ಇರುವಲ್ಲೇ ಕೊಳ್ಳಿ. ಡಬ್ಬಿಯ ಮೇಲಿನ 'ವಿ1.5' ಎಂಬ ಬರಹಕ್ಕೆ ಬೆಲೆ ಕೊಡಬೇಡಿ. ಮೂಲ ಚಿಪ್ ಮಾಡಿದ ಕೆನಡಾದ ಕಂಪನಿ ಆ ಆವೃತ್ತಿಯನ್ನು ಬಿಡುಗಡೆ ಮಾಡಿಯೇ ಇಲ್ಲ, ಮಾರುಕಟ್ಟೆಯಲ್ಲಿರುವುದು ನಕಲು. ಆಂಡ್ರಾಯ್ಡ್ ಫೋನಿಗೆ ಸಾಮಾನ್ಯ ಬ್ಲೂಟೂತ್ ಸಾಕು, ಜೋಡಿಸುವಾಗ ಪಿನ್ 1234 ಅಥವಾ 0000. ಐಫೋನಿಗೆ ವೈಫೈ ಅಥವಾ ಬಿಎಲ್‌ಇ (ಕಡಿಮೆ ಕರೆಂಟ್ ಬಳಸುವ ಬ್ಲೂಟೂತ್) ಇರುವ ಮಾಡೆಲ್ಲೇ ಬೇಕು. ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಆ್ಯಪ್‌ಗಳು ಈ ಕೆಲಸಕ್ಕೆ ಒಗ್ಗುತ್ತವೆ.

ಮೊದಲ ಪರೀಕ್ಷೆ ಬೆಳಗ್ಗೆ ಮಾಡಬೇಕು. ರಾತ್ರಿಯಿಡೀ ನಿಂತ ಬೈಕಿನ ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಕೂಲಂಟ್ ತಾಪಮಾನವನ್ನೂ ಒಳಬರುವ ಗಾಳಿಯ ತಾಪಮಾನವನ್ನೂ ನೋಡಿ. ಎರಡೂ ಹೊರಗಿನ ಹವೆಗೆ ಹತ್ತಿರ, ಮೂರ್ನಾಲ್ಕು ಡಿಗ್ರಿ ವ್ಯತ್ಯಾಸದೊಳಗೆ ಇರಬೇಕು. ಗಾಳಿ 24 ಎಂದು ತೋರಿಸುತ್ತ ಕೂಲಂಟ್ 50 ಎಂದರೆ ತಪ್ಪು ಸೆನ್ಸರಿನದ್ದೋ ಅದರ ಕಪ್ಲರಿನದ್ದೋ. ಮೈನಸ್ 40 ತೋರಿಸಿದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿದೆ, ಅದರ ಜೊತೆ ಇಸಿಯು ದಾಖಲಿಸುವ ದೋಷದ ಕೋಡ್ ಸಾಮಾನ್ಯವಾಗಿ ಪಿ0118. ಪಿ0117 ಬಂದರೆ ವೈರ್ ಅರ್ಥ್‌ಗೆ ತಾಗಿದೆ ಅಥವಾ ಸೆನ್ಸರ್ ಒಳಗೇ ಶಾರ್ಟ್ ಆಗಿದೆ.

ಇಲ್ಲಿಂದ ಮುಂದೆ ಮಲ್ಟಿಮೀಟರ್ ಬೇಕು. ಕೋಡ್ ಹೇಳುವುದು ಸರ್ಕ್ಯೂಟಿನ ಹೆಸರನ್ನೇ ಹೊರತು ಕೆಟ್ಟ ಬಿಡಿಭಾಗದ ಹೆಸರನ್ನಲ್ಲ. ಸೆನ್ಸರ್ ಬಿಚ್ಚಿ ಅದರ ರೆಸಿಸ್ಟೆನ್ಸ್ ಅಳೆಯಿರಿ: ಸಾಮಾನ್ಯ ಸೆನ್ಸರುಗಳಲ್ಲಿ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯ ಬಿಸಿನೀರಿನಲ್ಲಿ ಸುಮಾರು 300 ಓಮ್. ನಿಮ್ಮ ಮಾಡೆಲ್‌ನ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಳತೆ ಸರಿಯಿದ್ದರೆ ಸೆನ್ಸರ್ ಬದಲಿಸಬೇಡಿ, ಕಪ್ಲರಿನ ಪಿನ್‌ಗಳಲ್ಲಿ ಹಸಿರು ತುಕ್ಕು ಹುಡುಕಿ. ಪ್ರೆಷರ್ ವಾಷ್ ಮಾಡಿಸಿದ ಮರುದಿನ ದೀಪ ಬರುವ ಬೈಕುಗಳಲ್ಲಿ ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಈ ಸಾಧನದ ನಿಜವಾದ ಗುಣ ಕಾಣುವುದು ಗ್ರಾಫಿನಲ್ಲಿ. ಆ್ಯಪ್‌ನಲ್ಲಿ ರೆಕಾರ್ಡಿಂಗ್ ಹಾಕಿ ಫೋನ್ ಜೇಬಿಗಿಟ್ಟು ಓಡಿಸಿ, ನಿಲ್ಲಿಸಿದ ಮೇಲೆ ಕೂಲಂಟ್ ತಾಪಮಾನದ ಗೆರೆ ನೋಡಿ. ಟ್ರಾಫಿಕ್ಕಿನಲ್ಲಿ ಏರಿ, ಓಡುವಾಗ ಇಳಿದರೆ ಫ್ಯಾನಿನ ಕಡೆ ನೋಡಬೇಕು. ನಿಂತಾಗ ಸರಿಯಿದ್ದು ಹೈವೇಯಲ್ಲಿ ಏರುತ್ತಲೇ ಹೋದರೆ ಕೂಲಂಟ್ ಸರಿಯಾಗಿ ಹರಿಯುತ್ತಿಲ್ಲ: ಕಡಿಮೆ ಕೂಲಂಟ್, ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್), ಇಲ್ಲವೇ ವಾಟರ್ ಪಂಪ್. ಒಂದೇ ಸೆಕೆಂಡಿನಲ್ಲಿ 30 ಡಿಗ್ರಿ ನೆಗೆದರೆ ಅದು ಬಿಸಿಯಲ್ಲ, ಸಡಿಲ ವೈರ್, ಯಾವ ಎಂಜಿನ್ನೂ ಅಷ್ಟು ಬೇಗ ಕಾಯುವುದಿಲ್ಲ. ಅರ್ಧ ನಿಮಿಷದಲ್ಲಿ ಏರಿಳಿಯುವ ಗೆರೆಯಾದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು, ಏರ್ ಬ್ಲೀಡ್ ಮಾಡಬೇಕು, ಅಂದರೆ ಆ ಗಾಳಿಯನ್ನು ಹೊರಬಿಡಬೇಕು. ಎಷ್ಟು ಓಡಿಸಿದರೂ 60 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಅಥವಾ ಯಾರೋ ತೆಗೆದುಹಾಕಿದ್ದಾರೆ. 'ನಮ್ಮ ಹವೆಗೆ ಅದು ಬೇಡ' ಎಂದು ತೆಗೆದುಬಿಡುವ ಗ್ಯಾರೇಜುಗಳಿವೆ. ಅದು ತಪ್ಪು ಕೆಲಸ: ಎಂಜಿನ್ ಇನ್ನೂ ತಣ್ಣಗಿದೆಯೆಂದು ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ, ಮೈಲೇಜ್ ಕುಸಿಯುತ್ತದೆ.

ಫ್ಯಾನಿನ ವಿಷಯದಲ್ಲಿ ಸ್ಕ್ಯಾನರ್ ಅರ್ಧ ದಾರಿಗೇ ನಿಲ್ಲುತ್ತದೆ. ಫ್ಯಾನಿನ ಸರ್ಕ್ಯೂಟಿನ ದೋಷಕ್ಕೆ ಬರುವ ಪಿ0480 ಕೋಡನ್ನು ತೋರಿಸಬಹುದು, ಆದರೆ ಕಂಪನಿಯ ಟೂಲಿನಂತೆ ಫ್ಯಾನನ್ನು ತಾನೇ ತಿರುಗಿಸಿ ನೋಡಲು ಇದಕ್ಕೆ ಬರುವುದಿಲ್ಲ. ಫ್ಯಾನಿನ ಕಪ್ಲರ್ ಬಿಚ್ಚಿ, ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರಿನಲ್ಲಿ ನೇರವಾಗಿ 12 ವೋಲ್ಟ್ ಕೊಡಿ. ತಿರುಗಿದರೆ ರಿಲೇ, ಫ್ಯೂಸ್, ವೈರ್ ನೋಡಿ. ತಿರುಗದಿದ್ದರೆ ಮೋಟಾರ್ ಹೋಗಿದೆ. ಸುಟ್ಟ ಫ್ಯೂಸ್ ಜಾಗಕ್ಕೆ ಅದೇ ಆಂಪಿಯರ್‌ನದ್ದನ್ನೇ ಹಾಕಿ. ಮತ್ತೆ ಸುಟ್ಟರೆ ಕೆಸರು ಹೊಕ್ಕು ಮೋಟಾರ್ ಬಿಗಿಯಾಗಿರಬಹುದು.

ಕೂಲಂಟ್ ಮಟ್ಟ, ರೇಡಿಯೇಟರ್ ಕ್ಯಾಪಿನ ರಬ್ಬರು, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಬೀಳುವ ಹನಿ, ಹಾಲಿನಂತೆ ಬೆಳ್ಳಗಾದ ಎಂಜಿನ್ ಆಯಿಲ್, ಇವು ಯಾವುದೂ ಸ್ಕ್ಯಾನರಿಗೆ ಕಾಣುವುದಿಲ್ಲ, ಕಣ್ಣಿನಿಂದಲೇ ನೋಡಬೇಕು. ಎಂಜಿನ್ ಪೂರ್ತಿ ತಣ್ಣಗಾಗುವ ಮೊದಲು ಕ್ಯಾಪ್ ಮುಟ್ಟಬೇಡಿ. 1.1 ಬಾರ್ ಕ್ಯಾಪಿನಡಿ ಅರ್ಧಕ್ಕರ್ಧ ನೀರು ಬೆರೆಸಿದ ಕೂಲಂಟ್ 125 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ನಿಂತಿರುತ್ತದೆ, ತೆರೆದ ಕ್ಷಣ ಮುಖಕ್ಕೇ ಚಿಮ್ಮುತ್ತದೆ. ಇನ್ನು ಕೋಲಾರ, ಬೆಂಗಳೂರಿನ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕಬೇಡಿ. ಗಡಸು ನೀರಿನ ಸುಣ್ಣ ಒಳಗಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಡಿಸ್ಟಿಲ್ಡ್ ನೀರೇ ಬೇಕು.

ಹಲವು ದೀಪಗಳು ಒಟ್ಟಿಗೇ ಬಂದರೆ ಮೊದಲು ವೋಲ್ಟೇಜ್ ನೋಡಿ. ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 12.5ಕ್ಕಿಂತ ಮೇಲೇಳದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ರೆಗ್ಯುಲೇಟರನ್ನೂ ಸ್ಟೇಟರನ್ನೂ ಪರೀಕ್ಷಿಸಿ, ಸೆನ್ಸರುಗಳ ಹಿಂದೆ ಬೀಳಬೇಡಿ. ಕೆಂಪು ಆಯಿಲ್ ದೀಪ ಬಂದರಂತೂ ಯಾವ ಸ್ಕ್ಯಾನರೂ ಬೇಡ, ತಕ್ಷಣ ಎಂಜಿನ್ ಆಫ್ ಮಾಡಿ.

ಆ್ಯಪ್‌ನಲ್ಲಿ 'ಕ್ಲಿಯರ್' ಒತ್ತುವ ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ದೀಪ ಬಂದ ಗಳಿಗೆಯ ಆರ್‌ಪಿಎಂ, ವೇಗ, ತಾಪಮಾನ ಅದರಲ್ಲಿರುತ್ತವೆ, ಅಳಿಸಿದರೆ ಮೆಕ್ಯಾನಿಕ್‌ಗೆ ತೋರಿಸಲು ಏನೂ ಉಳಿಯುವುದಿಲ್ಲ. ಕೆಲಸ ಮುಗಿದೊಡನೆ ಸ್ಕ್ಯಾನರ್ ಕಳಚಿ. ಕೀ ಆಫ್ ಮಾಡಿದರೂ ಕರೆಂಟ್ ಬರುವ ಕಪ್ಲರಾದರೆ ಅದು 40 ಮಿಲಿಆಂಪಿಯರ್‌ನಷ್ಟು ಎಳೆಯುತ್ತಲೇ ಇರುತ್ತದೆ, 8 ಆಂಪಿಯರ್-ಅವರ್ ಬ್ಯಾಟರಿ ಒಂದು ವಾರದಲ್ಲಿ ಬರಿದಾಗುತ್ತದೆ.