ಬಿಗ್‌ಹಾರ್ನ್ ಬೇಟೆಗೆ ಯಾವುದು: ಮೊಂಟಾನಾನೋ, ಐಡಹೋನೋ?

ಬಿಗ್‌ಹಾರ್ನ್ ಅಂದರೆ ದೊಡ್ಡ ಸುರುಳಿ ಕೊಂಬಿನ ಕಾಡು ಕುರಿ. ಅಮೆರಿಕದ ಈ ಎರಡು ರಾಜ್ಯಗಳಲ್ಲಿ ಅದರ ಬೇಟೆಗೆ ಪರವಾನಗಿ ಬೇಕು. ಮೊಂಟಾನಾದಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಪಕ್ಕದ ‘ಅನ್‌ಲಿಮಿಟೆಡ್’ (ಪರವಾನಗಿ ಸಂಖ್ಯೆಗೆ ಮಿತಿಯಿಲ್ಲದ) ವಲಯಗಳಿಗೆ ಲಾಟರಿ ಕಾಟವಿಲ್ಲ. ಸಮಯಕ್ಕೆ ಅರ್ಜಿ ಹಾಕಿದರೆ ಪರವಾನಗಿ ಸಿಗುತ್ತದೆ. ಆದರೆ ಪ್ರತಿ ವಲಯದಲ್ಲೂ ಎಲ್ಲರೂ ಸೇರಿ ಕೆಲವೇ ಟಗರುಗಳನ್ನು ಹೊಡೆಯಬಹುದೆಂಬ ಮಿತಿ. ಅದು ತುಂಬಿತೋ, 48 ಗಂಟೆಯ ನೋಟಿಸ್ ಕೊಟ್ಟು ಬೇಟೆ ನಿಲ್ಲಿಸುತ್ತಾರೆ. ಸಿಗ್ನಲ್ ಇಲ್ಲದ ಕಾಡಲ್ಲಿ ಅದು ಗೊತ್ತಾಗಬೇಕಲ್ವಾ? ಸ್ಯಾಟಲೈಟ್ ಫೋನ್ ಬೇಕೇ ಬೇಕು. ಟಗರುಗಳೂ ಕಡಿಮೆ. ಬರಿಗೈಲಿ ಮರಳುವವರೇ ಜಾಸ್ತಿ.

ಐಡಹೋದ ಫ್ರಾಂಕ್ ಚರ್ಚ್ ಎಂಬ ಸಂರಕ್ಷಿತ ಕಾಡಿನ ಪರವಾನಗಿಗೆ ಲಾಟರಿ ಹೊಡೆಯುವುದೇ ಕಷ್ಟ. ಆದರೆ ಲಾಟರಿ ಹೊಡೆದರೆ, ನಡುವೆ ಬೇಟೆ ನಿಂತೀತೆಂಬ ಆತಂಕವಿಲ್ಲದೆ ನೆಮ್ಮದಿಯಿಂದ ಹುಡುಕಬಹುದು. ಸಣ್ಣ ವಿಮಾನದಲ್ಲಿ ಕಾಡಿನೊಳಗಿನ ಏರ್‌ಸ್ಟ್ರಿಪ್‌ಗೆ ಇಳಿಯಬಹುದು. ಆಮೇಲೆ ಕಡಿದಾದ ಏರು. ಮರಗಳ ನಡುವೆ ಟಗರು ಸುಲಭಕ್ಕೆ ಕಾಣದು. ಎದುರು ದಿಬ್ಬದಲ್ಲಿ ಕೂತು ಗಂಟೆಗಟ್ಟಲೆ ದುರ್ಬೀನು ಹಿಡಿಯಬೇಕು.

ನಾನಾದರೆ ಪ್ರತಿ ವರ್ಷ ಐಡಹೋ ಲಾಟರಿಗೆ ಹಾಕುತ್ತೇನೆ. ಕಾಯುವಾಗ ಮೊಂಟಾನಾ ಬೆಟ್ಟ ಹತ್ತಿ ಕಾಲು ಗಟ್ಟಿ ಮಾಡಿಕೊಳ್ಳುತ್ತೇನೆ.