ಪಾಯಿಂಟ್ 22 ರೈಫಲ್‌ಗೆ ಝೀರೋ ಎಷ್ಟು ದೂರಕ್ಕೆ? 25, 50, 100 ಗಜ ಮೂರೂ ನೋಡಿ 50ಕ್ಕೇ ನಿಂತೆ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು 50 ಗಜಕ್ಕೆ. ಝೀರೋ ಅಂದ್ರೆ ಒಂದು ದೂರ ಇಟ್ಕೊಂಡು, ಅಲ್ಲಿ ಗುರಿ ಹಿಡಿದ ಜಾಗಕ್ಕೇ ಗುಂಡು ಬೀಳೋ ಹಾಗೆ ಸ್ಕೋಪ್ ಹೊಂದಿಸೋದು. 25ಕ್ಕೂ ಮಾಡಿ ನೋಡಿದೀನಿ, 100ಕ್ಕೂ ನೋಡಿದೀನಿ, ಈಗ ಯಾರಾದ್ರೂ ಬಂದು ಟರೆಟ್ (ಸ್ಕೋಪ್ ಹೊಂದಿಸೋ ತಿರುಪು) ತಿರುಗಿಸ್ತೀನಿ ಅಂದ್ರೆ ಕೈ ಇಡೋಕೂ ಬಿಡಲ್ಲ.

ಕೋವಿ ರೂಗರ್ 10/22, ಇಲ್ಲಿ ಟೆಕ್ಸಸ್‌ನಲ್ಲಿ ಯಾವ ಅಂಗಡಿಗೆ ಹೋದ್ರೂ ಸಿಗುತ್ತೆ, ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. ಗುಂಡು 40 ಗ್ರೇನ್ ತೂಕದ ಸ್ಟ್ಯಾಂಡರ್ಡ್ ವೆಲಾಸಿಟಿ, ಡಬ್ಬದ ಮೇಲೆ ಸೆಕೆಂಡಿಗೆ 1070 ಅಡಿ ಅಂತ ಇರುತ್ತೆ. ಹೊಸದಾಗಿ ತಗೊಂಡಿದ್ದು ಸ್ಕೋಪ್ ಮಾತ್ರ, ರಿಮ್‌ಫೈರ್‌ಗೆ (ಪಾಯಿಂಟ್ 22ರಂಥ ಸಣ್ಣ ಗುಂಡಿನ ರೈಫಲ್‌ಗೆ) ಅಂತಲೇ ಮಾಡಿರೋದು. ಅಂಗಡಿಯವನು ಕೂರಿಸಿಕೊಟ್ಟು "25ಕ್ಕೆ ಝೀರೋ ಮಾಡ್ಕೊಳ್ಳಿ, ಎಲ್ಲದಕ್ಕೂ ನಡಿಯುತ್ತೆ" ಅಂದ. ತಲೆನೋವು ಶುರುವಾಗಿದ್ದೇ ಅಲ್ಲಿಂದ.

25 ಗಜದಲ್ಲಿ ಎಲ್ಲರೂ ಗುರಿಕಾರರೇ. ಗುಂಡು ಒಂದರ ಮೇಲೊಂದು ಬಿದ್ದು ಪೇಪರ್‌ನಲ್ಲಿ ಒಂದೇ ದೊಡ್ಡ ತೂತು, ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪ್‌ಗೆ ಹಾಕೋ ಹಾಗಿರುತ್ತೆ. ಅದೇ ರೈಫಲ್ಲನ್ನ ಗಾಳಿ ಇಲ್ಲದ ಬೆಳಿಗ್ಗೆ 100ರ ಕಡೆ ತಿರುಗಿಸಿದ್ರೆ ಕೆಳಗೆ ಬೀಳೋದು ಸರಿ, ಅದು ಗೊತ್ತಿರೋದೇ, ಆದ್ರೆ ಎಡಕ್ಕೂ ಒಂದು ಇಂಚಿಗಿಂತ ಜಾಸ್ತಿ ಹೋಗ್ತಿತ್ತು. ಸ್ಕ್ರೂ ಬಿಗಿ ಮಾಡಿದೆ, ರಿಂಗ್ ನೋಡಿದೆ, ಬ್ಯಾರಲ್ ಒರೆಸಿದೆ, ಎಲ್ಲ ಸರಿ ಇತ್ತು. ಮತ್ತೆ 25ಕ್ಕೆ ಬಂದ್ರೆ ನಡುಮಧ್ಯ!

ವಿಷಯ ಪ್ಯಾರಲಾಕ್ಸ್‌ದು, ಅಂದ್ರೆ ಕಣ್ಣು ಜರುಗಿದ್ರೆ ಗುರಿಯೂ ಜರುಗಿದ ಹಾಗೆ ಕಾಣೋದು. ರಿಮ್‌ಫೈರ್ ಸ್ಕೋಪ್‌ಗಳಲ್ಲಿ ಬಹಳಷ್ಟಕ್ಕೆ ಅದನ್ನ 50 ಗಜಕ್ಕೆ ಫ್ಯಾಕ್ಟರಿಯಲ್ಲೇ ಕೂರಿಸಿರ್ತಾರೆ, ನಂದೂ ಹಾಗೇ, ತಿರುಗಿಸೋಕೆ ಬರಲ್ಲ. 25ರಲ್ಲಿ ನೋಡುವಾಗ ಕಣ್ಣು ಲೆನ್ಸ್‌ನ ನಟ್ಟನಡುವೆ ಇಲ್ಲ ಅಂದ್ರೆ ಕ್ರಾಸ್‌ಹೇರ್ (ಸ್ಕೋಪ್ ಒಳಗಿನ ಕೂಡುಗೆರೆ) ಟಾರ್ಗೆಟ್ ಮೇಲೆ ಜರುಗುತ್ತೆ. ನೀವೇ ನೋಡಬಹುದು: ಗುಂಡು ಖಾಲಿ ಮಾಡಿ, ರೈಫಲ್ ಮರಳಿನ ಚೀಲದ ಮೇಲೆ ಅಲ್ಲಾಡದ ಹಾಗೆ ಇಟ್ಟು, ಕೈ ತಾಗಿಸದೆ ತಲೆ ಮಾತ್ರ ಆಕಡೆ ಈಕಡೆ ಮಾಡಿ. 25ರಲ್ಲಿ ಕ್ರಾಸ್‌ಹೇರ್ ಕಾಲು ಇಂಚು ಓಡಾಡುತ್ತೆ, 50ರಲ್ಲಿ ಅಂಟಿಸಿದ ಹಾಗೆ ನಿಂತಿರುತ್ತೆ. ಬೆಂಚ್ ಮೇಲೆ ಕೂತಾಗ ಕೆನ್ನೆ ಒಂದೇ ಕಡೆ ಊರಿರುತ್ತೆ ಅಲ್ವಾ, ಅದಕ್ಕೇ ಗ್ರೂಪ್ (ಪೇಪರ್ ಮೇಲಿನ ತೂತುಗಳ ಗುಂಪು) ಚಿಕ್ಕದಾಗೇ ಬರುತ್ತೆ, ಆದ್ರೆ ಆ ಕಾಲು ಇಂಚಿನ ತಪ್ಪನ್ನೂ ಸೇರಿಸಿ ಝೀರೋ ಮಾಡಿಟ್ಟಿರ್ತೀರ, 100ಕ್ಕೆ ಹೋಗುವಷ್ಟರಲ್ಲಿ ಅದು ನಾಲ್ಕು ಪಟ್ಟಿಗಿಂತಲೂ ಜಾಸ್ತಿ.

ಇದರ ಮೇಲೆ ಕ್ಲಿಕ್ ಕಾಟ ಬೇರೆ. ಟರೆಟ್ ಒಂದೊಂದು ಕ್ಲಿಕ್‌ಗೆ ಕಾಲು ಎಂಓಎ (ಕೋನದ ಅಳತೆ, ಒಂದು ಎಂಓಎ 100 ಗಜದಲ್ಲಿ ಸುಮಾರು ಒಂದು ಇಂಚು) ಜರುಗುತ್ತೆ, ಅಂದ್ರೆ 25 ಗಜದಲ್ಲಿ ಇಂಚಿನ ಹದಿನಾರರಲ್ಲಿ ಒಂದು ಭಾಗ, ಗುಂಡಿನ ತೂತೇ ಅದಕ್ಕಿಂತ ಮೂರು ಪಟ್ಟು ಅಗಲ, ಒಂದು ಕ್ಲಿಕ್ ತಿರುಗಿಸಿ ಏನಾಯ್ತು ಅಂತ ಪೇಪರ್ ನೋಡಿದ್ರೆ ಏನೂ ಗೊತ್ತಾಗಲ್ಲ.

100 ಗಜದ ಝೀರೋ ನಮ್ಮ ಆಫೀಸಿನ ಗೆಳೆಯನ ಸಲಹೆ, ಅವನ ಹತ್ರ ದೊಡ್ಡ ರೈಫಲ್‌ಗಳಿವೆ, ಅವಕ್ಕೆ ಸರಿ. ನಮ್ಮ ಗುಂಡು 100 ಮುಟ್ಟಬೇಕಾದ್ರೆ ಅಷ್ಟು ಎತ್ತಿ ಬಿಡಬೇಕು, 50ರಲ್ಲಿ ಮೂರೂವರೆ ಇಂಚಿಗಿಂತ ಮೇಲೆ ಹಾರುತ್ತೆ, ಟಿನ್ ಡಬ್ಬದ ತಲೆ ಮೇಲೆ ಸುಯ್ಯಂತ ಹೋಗುತ್ತೆ. ಒಂಚೂರು ಅಡ್ಡಗಾಳಿ ಬಂದ್ರೂ ಇಂಚುಗಟ್ಟಲೆ ಪಕ್ಕಕ್ಕೆ. 9 ಪವರ್ ಸ್ಕೋಪ್‌ನಲ್ಲಿ 100 ಗಜ ದೂರದ ಪಾಯಿಂಟ್ 22 ತೂತು ಕಪ್ಪು ಪೇಪರ್ ಮೇಲೆ ಕಾಣಲ್ಲ, ಸ್ಪಾಟಿಂಗ್ ಸ್ಕೋಪ್ ಬೇಕು, ಇಲ್ಲಾಂದ್ರೆ ಸೀಸ್‌ಫೈರ್ (ಎಲ್ಲರೂ ಗುಂಡು ಹೊಡೆಯೋದು ನಿಲ್ಲಿಸಿ ಅಂತ) ಕರೆಯೋವರೆಗೂ ಕಾಯ್ಬೇಕು. ರೈಫಲ್ ಬೆಲೆಯ ಹತ್ತಿರ ಇನ್ನೊಂದು ದುರ್ಬೀನಿಗೆ ಸುರಿಯೋಕೆ ನಾನಂತೂ ತಯಾರಿಲ್ಲ.

ಇನ್ನು 50. ಸ್ಕೋಪ್ ಬ್ಯಾರಲ್‌ಗಿಂತ ಒಂದೂವರೆ ಇಂಚು ಮೇಲಿದೆ, ಈ ಗುಂಡಿಗೆ 25ರಲ್ಲಿ ಕಾಲು ಇಂಚು ಮೇಲೆ, 50ರಲ್ಲಿ ಸರಿಯಾಗಿ, 75ರಲ್ಲಿ ಎರಡೂವರೆ ಇಂಚು ಕೆಳಗೆ, 100ರಲ್ಲಿ ಏಳೂವರೆ ಹತ್ತಿರ ಕೆಳಗೆ. 70 ಗಜದವರೆಗೆ ಎರಡು ಇಂಚಿನೊಳಗೇ ಇರುತ್ತೆ, ತಲೆ ಕೆಡಿಸ್ಕೊಳ್ಳದೆ ನಡುವಿಗೆ ಹಿಡಿದು ಹೊಡೆದ್ರೆ ಆಯ್ತು. ಮಡಿಕೇರಿ ಕಡೆಯ ನಮ್ಮ ಭಾವ ಫೋನಲ್ಲಿ ಇದನ್ನ ಕೇಳಿ "ಅಂದ್ರೆ ತೆಂಗಿನಕಾಯಿ ಬೀಳುತ್ತೆ ಅನ್ನಿ" ಅಂದ್ರು, ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ಟೈಮಲ್ಲಿ ಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯಲ್ಲಿ ಪಾಯಿಂಟ್ 22 ವಿಭಾಗ ಇರುತ್ತಲ್ಲ, ಅವರ ಲೆಕ್ಕ ಪೂರ್ತಿ ಕಾಯಿ ಲೆಕ್ಕವೇ. ತಪ್ಪೇನಿಲ್ಲ, ಸುಲಿದ ಕಾಯಿ ಸುಮಾರು ನಾಲ್ಕು ಇಂಚು ಅಗಲ, ಸರಿಹೋಗುತ್ತೆ. ಒಲಿಂಪಿಕ್ಸ್‌ನಲ್ಲೂ ಈ ಕ್ಯಾಲಿಬರ್‌ನ ರೈಫಲ್‌ಗೆ 50 ಮೀಟರೇ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದಿದ್ದು ಅದರಲ್ಲೇ, ಅಲ್ಲಿ ಸ್ಕೋಪ್ ಇರಲ್ಲ ಬಿಡಿ.

ನಾನು ಬೇಟೆಗೆ ಹೋಗಲ್ಲ, ಶನಿವಾರ ಬೆಳಿಗ್ಗೆ ರೇಂಜ್‌ನಲ್ಲಿ ಪೇಪರು, ಕಬ್ಬಿಣದ ಪ್ಲೇಟು ಅಷ್ಟೇ, 50ರ ಲೇನ್ ಯಾವಾಗಲೂ ಖಾಲಿ. ಎಂದಾದ್ರೂ 100 ಹೊಡೆಯೋ ಆಸೆಯಾದ್ರೆ 28 ಕ್ಲಿಕ್ ಮೇಲೆ, ಹೊರಡೋಕೆ ಮುಂಚೆ 28 ಕ್ಲಿಕ್ ವಾಪಸ್. ಸ್ಕೋಪ್ ಇಲ್ಲದೆ ಓಪನ್ ಸೈಟ್‌ನಲ್ಲಿ ಮಕ್ಕಳಿಗೆ ಕಲಿಸೋರಿಗೆ 25 ಸಾಕು, ಅಲ್ಲಿ ಪ್ಯಾರಲಾಕ್ಸ್ ಗೋಳೇ ಇಲ್ಲ. ಹೈ ವೆಲಾಸಿಟಿ ಗುಂಡು ಹಾಕೋರು ಮಾತ್ರ ನನ್ನ ಇಂಚಿನ ಲೆಕ್ಕ ನಂಬಬೇಡಿ, 1235 ಅಡಿ ವೇಗದ್ದು ಬೇರೆ ಕಡೆ ಬೀಳುತ್ತೆ, ನಿಮ್ಮ ಡಬ್ಬದ ಗುಂಡನ್ನೇ ಪೇಪರ್ ಮೇಲೆ ಹೊಡೆದು ಬರ್ಕೊಳ್ಳಿ.